ಮೂರನೆಯ ಸಲದ ಮಾತು

ತೂಬಾ ಖಾನುಮ್ ಬೆಳಗಿನ ಜಾವ ಮಹಡಿ ಇಳಿದು ರೊಟ್ಟಿಯಂಗಡಿಗೆ ಕಾಲಿಟ್ಟವಳೇ ಮೊದಲು ಒಲೆಯ ಪಕ್ಕದ ಮೂಲೆ ನೋಡುತ್ತಿದ್ದಳು. ಅಲ್ಲೊಂದು ಉದ್ದ ಹಿಡಿಯ ಹಲಗೆ ಗೋಡೆಗೆ ಒರಗಿ ನಿಂತಿದ್ದರೆ ಅವಳ ಉಸಿರು ಸಲೀಸಾಗುತ್ತಿತ್ತು. ಆಮೇಲೇ ಅವಳಿಗೆ ದೀಪ, ಚಹಾ, ದೇವರು ಎಲ್ಲ ನೆನಪಾಗುತ್ತಿದ್ದುದು.

ಹಲಗೆ ಅವಳದಲ್ಲ, ಒಲೆಯ ಮೇಸ್ತ್ರಿ ಐವಜನದು. ಸಂಗಕ್ ರೊಟ್ಟಿಯ ನೀರುನೀರಾದ ಹಿಟ್ಟನ್ನು ಇಂಥ ಹಲಗೆಯ ಮೇಲೆ ಹರಡಿ, ಒಲೆಯೊಳಗೆ ಕೆಂಪಗೆ ಕಾದ ಹರಳುಕಲ್ಲುಗಳ ಮೇಲೆ ಒಂದೇ ಎಳೆತಕ್ಕೆ ಜಾರಿಸಬೇಕು. ಕೈ ಸ್ವಲ್ಪ ಅಳುಕಿತೋ ರೊಟ್ಟಿ ಮುದ್ದೆಯಾಗಿ ಕಲ್ಲಿಗೆ ಕಚ್ಚಿಕೊಂಡು ಸೀದುಹೋಗುತ್ತದೆ. ಅಕ್ರೋಟ್ ಮರದ ಆ ಹಲಗೆ ಐವಜನ ಅಪ್ಪನ ಕಾಲದ್ದು. ಅದರ ನಡುವೆ ಅಂಗೈ ಆಡಿ ಆಡಿ ತಗ್ಗು ಬಿದ್ದಿತ್ತು.

ಕಜ್ವೀನ್ ಊರಿನ ಆ ಓಣಿಯಲ್ಲಿ ಅಂಗಡಿ ನಡೆಸುತ್ತಿದ್ದವನು ಅವಳ ಗಂಡ ಯದುಲ್ಲಾ. ಅವನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋದ ಮೇಲೆ ಮಹಡಿಯ ಕೋಣೆಯಲ್ಲಿ ಮಲಗಿಕೊಂಡೇ ಒಲೆಯ ಸದ್ದು ಕೇಳುತ್ತ, ಬೈಯುತ್ತ ಕಾಲ ಕಳೆಯುತ್ತಿದ್ದ. ಅಂಗಡಿ ತೂಬಾಳ ತಲೆಗೆ ಬಿತ್ತು. ಹಿಟ್ಟು, ಗಿರಾಕಿ, ಗ್ಯಾಸು ಎಲ್ಲವನ್ನೂ ಅವಳು ಹೇಗೋ ಕಲಿತಳು. ಆದರೆ ಆಳು? ಆಳನ್ನು ಹಿಡಿದಿಡುವುದನ್ನು ಯಾರು ಕಲಿಸುತ್ತಾರೆ? ಮೊದಲು ಬಂದವನು ಅಫೀಮಿನ ಗಿರಾಕಿ. ಹಿಟ್ಟಿನ ಮೂಟೆಗಳ ಮೇಲೆ ಮಲಗಿದರೆ ಗುಂಡು ಹೊಡೆದರೂ ಏಳುತ್ತಿರಲಿಲ್ಲ. ಎರಡನೆಯವನು ಕೈ ತೊಳೆಯಲು ಹೋದವನು ಹಾಗೇ ಕರಜ್‌ಗೆ ಬಸ್ಸು ಹತ್ತಿದ. ಮೂರನೆಯವನ ರೊಟ್ಟಿ ಹೂವಿನಂಥದ್ದು, ಬಾಯಿ ಮಾತ್ರ ಚರಂಡಿ. ಒಂದು ದಿನ ಬಿಸಿ ರೊಟ್ಟಿಯನ್ನು ಶಾಲೆಯ ಮೇಡಮ್ಮಿನ ಮುಖಕ್ಕೇ ಎಸೆದ. ಅವನನ್ನು ಓಡಿಸಿದ್ದಾಯಿತು, ಅಂಗಡಿ ಕೆಲವು ದಿನ ಬಾಗಿಲು ಹಾಕಿದ್ದಾಯಿತು. ಬಾಗಿಲು ಹಾಕಿದ್ದಕ್ಕೆ ಹಿಟ್ಟಿನ ಕಚೇರಿಯವರು ಬಂದು, ಇನ್ನೊಂದು ಸಲ ಹೀಗಾದರೆ ನಿಮ್ಮ ಹಿಟ್ಟಿನ ಪಾಲು ಕಡಿತ ಎಂದು ಹೇಳಿ ಹೋದರು. ಸರ್ಕಾರದ ಹಿಟ್ಟು ನಿಂತರೆ ರೊಟ್ಟಿಯಂಗಡಿ ಎನ್ನುವುದು ಬರೀ ಒಂದು ಗುಹೆ.

ಆಗ ಬಂದವನು ಐವಜ್. ಜಂಜಾನ್ ಆಚೆಯ ಹಳ್ಳಿಯವನು, ತುರ್ಕಿ ಮಾತಿನವನು, ನಲವತ್ತೈದರ ಆಸುಪಾಸು. ಜಾಮೀನಿಗೆ ಯಾರಿದ್ದಾರೆ ಎಂದು ತೂಬಾ ಕೇಳಿದಳು. ಮೂರು ಸಲ ಸುಟ್ಟುಕೊಂಡವಳು, ಕೇಳದೆ ಇರುತ್ತಾಳೆಯೇ?

"ಈ ಊರಲ್ಲಿ ನನಗ್ಯಾರೂ ಗೊತ್ತಿಲ್ಲ ಅಕ್ಕ," ಎಂದ ಐವಜ್. "ನನ್ನ ಹಲಗೆ ಇಲ್ಲೇ ಇಟ್ಟಿರ್ತೀನಿ. ಹಲಗೆ ಬಿಟ್ಟು ನಾನೆಲ್ಲಿಗೆ ಹೋಗ್ಲಿ?"

ಅಂದಿನಿಂದ ಆ ಮೂಲೆಯೇ ಅವಳ ಜಾಮೀನು.

ಒಳ್ಳೆಯ ಆಳು ಸಿಕ್ಕಿದ ಮೇಲೆ ಮನುಷ್ಯರು ನೆಮ್ಮದಿಯಾಗಿರಬೇಕು ತಾನೇ? ಅದೆಲ್ಲಿ ಬಂತು. ಕೆಟ್ಟ ಆಳಿದ್ದಾಗ ತೂಬಾಗೆ ಬರೀ ಸಿಟ್ಟು ಬರುತ್ತಿತ್ತು, ಒಳ್ಳೆಯವನು ಬಂದ ಮೇಲೆ ಹೊಟ್ಟೆಯೊಳಗೆ ಭಯ ಮನೆಮಾಡಿತು. ಐವಜ್ ಹೊತ್ತಿಗೆ ಮೊದಲೇ ಬರುತ್ತಿದ್ದ, ಗೊಣಗುತ್ತಿರಲಿಲ್ಲ, ಸುಟ್ಟ ರೊಟ್ಟಿಯನ್ನು ಯಾರ ಕಣ್ಣಿಗೂ ಬೀಳದಂತೆ ತಾನೇ ಪಕ್ಕಕ್ಕಿಡುತ್ತಿದ್ದ. ಓಣಿಯ ಮುದುಕಿಯರಿಗೆ ಸಾಲು ತಪ್ಪಿಸಿ ಕೊಟ್ಟರೂ ಸಾಲಿನಲ್ಲಿ ನಿಂತವರು ರೇಗದಂತೆ ಕೊಡುತ್ತಿದ್ದ. ಇಂಥವನು ನನ್ನ ಅಂಗಡಿಯಲ್ಲಿ ಯಾಕೆ ಇದ್ದಾನೆ, ಎಷ್ಟು ದಿನ ಇರುತ್ತಾನೆ ಎನ್ನುವ ಯೋಚನೆ ಅವಳನ್ನು ಇಲಿಯಂತೆ ಕೊರೆಯುತ್ತಿತ್ತು. ಮುಂದಿನ ಚೌಕದಲ್ಲಿ ಹಾಜಿ ಶುಕ್ರುಲ್ಲಾ ಎನ್ನುವವನು ಹೊಸ ರೊಟ್ಟಿಯಂಗಡಿ ತೆರೆದಿದ್ದ. ಥಳಥಳ ಹೊಳೆಯುವ ಗೋಡೆ, ಆಳುಗಳಿಗೆ ಮಲಗಲು ಕೋಣೆ. ಹಾಜಿ ಎದುರಿಗೆ ಸಿಕ್ಕಾಗಲೆಲ್ಲ, "ನಿಮ್ಮ ಮೇಸ್ತ್ರಿ ಹೇಗಿದಾರೆ? ಚೆನ್ನಾಗಿ ನೋಡ್ಕೊಳ್ಳಿ ಖಾನುಮ್" ಎಂದು ನಗುತ್ತಿದ್ದ. ಆ ನಗು ನೋಡಿದರೆ ಅವಳಿಗೆ ಮೈ ಉರಿಯುತ್ತಿತ್ತು.

ಅದಕ್ಕೇ ಅವಳು ಐವಜನಿಗೆ ಬೆಳಗ್ಗೆ ಬೆಣ್ಣೆ, ಮೊಟ್ಟೆ, ತನ್ನ ಕೈಯಾರೆ ಸಕ್ಕರೆ ಪಾಕದಲ್ಲಿ ಕುದಿಸಿದ ಬೇಹಣ್ಣಿನ ಮುರಬ್ಬ ಎಲ್ಲ ಇಡುತ್ತಿದ್ದಳು. ಹಿಟ್ಟು ಕಲಸುವ ಸಫ್ದರನ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ?

"ಅಕ್ಕಾವ್ರೇ, ಹತ್ತು ವರ್ಷದಿಂದ ನಾನಿಲ್ಲಿ ಹಿಟ್ಟು ತುಳೀತಿದೀನಿ. ನನಗೆ ಬರೀ ಈರುಳ್ಳಿ. ನಾನೂ ಒಂದು ಹಲಗೆ ತಂದು ಮೂಲೇಲಿಡ್ಲಾ?"

"ನಿನ್ನನ್ನ ಯಾರು ಕರ್ಕೊಂಡು ಹೋಗ್ತಾರೋ? ಹೋಗೋದಾದ್ರೆ ಹೇಳು, ನಾನೇ ಬಸ್ಸು ಹತ್ತಿಸ್ತೀನಿ."

"ನೋಡಿದ್ಯಾ ಮೇಸ್ತ್ರಿ? ನಂಬಿಕಸ್ಥರಿಗೆ ಈ ಅಂಗಡೀಲಿ ಬೆಲೆ ಇಲ್ಲ," ಎಂದು ಸಫ್ದರ್ ಹಣೆ ಚಚ್ಚಿಕೊಂಡರೆ ಐವಜ್ ಮೀಸೆಯೊಳಗೇ ನಕ್ಕು ಮುರಬ್ಬದ ಬಟ್ಟಲನ್ನು ಅವನತ್ತ ತಳ್ಳುತ್ತಿದ್ದ.

ವರ್ಷ ಮುಗಿಯುತ್ತ ಬಂತು. ಹೊಸ ವರ್ಷದ ನವ್ರೂಜ್ ಹಬ್ಬದ ಮುಂಚಿನ ಕೊನೆಯ ಗುರುವಾರ ಊರಿಗೆ ಊರೇ ಗೋರಿಗಳಿಗೆ ಹೋಗಿ ಸತ್ತವರ ಹೆಸರಿನಲ್ಲಿ ರೊಟ್ಟಿ, ಖರ್ಜೂರ ಹಂಚುವ ದಿನ. ಅವತ್ತು ಸಾಲು ಓಣಿ ದಾಟಿ ಮಸೀದಿಯ ಗೋಡೆಯವರೆಗೆ ಹೋಗುತ್ತದೆ. ಆ ವಾರದ ಮೊದಲಲ್ಲಿ ಐವಜ್ ಕೈ ಒರೆಸಿಕೊಳ್ಳುತ್ತ ಗಲ್ಲಾಪೆಟ್ಟಿಗೆಯ ಹತ್ತಿರ ಬಂದು ನಿಂತ. ಅವನು ನಿಂತ ರೀತಿ ನೋಡಿಯೇ ತೂಬಾ ಎಣಿಸುತ್ತಿದ್ದ ನೋಟು ಕೆಳಗಿಟ್ಟಳು.

"ಅಕ್ಕ, ಒಂದು ಮಾತಿತ್ತು. ದೊಡ್ಡದೇನಲ್ಲ, ಬೇಡ ಬಿಡಿ."

"ಹೇಳಿ ಮೇಸ್ತ್ರಿ."

"ನಮ್ಮ ಸೊಲ್ಮಾಜ್‌ಗೆ ಸಂಬಂಧ ಬಂದಿದೆ. ನಮ್ಮೂರಿನೋರೇ, ಹೈದರ್‌ಕುಲಿ ಅಂತ, ಅವರ ಮಗ. ಹುಡುಗೀಗೂ ಇಷ್ಟ ಇದ್ದಂಗಿದೆ. ಶುಕ್ರವಾರ ಮಾತು ತಗೊಳ್ಳೋಕೆ ಮನೆಗೆ ಬರ್ತಾರಂತೆ."

ಶುಕ್ರವಾರ ಅಲ್ಲಿರಬೇಕೆಂದರೆ ಗುರುವಾರ ಬೆಳಗ್ಗೆಯೇ ಬಸ್ಸು ಹತ್ತಬೇಕು. ತೂಬಾಳ ತಲೆಯಲ್ಲಿ ಒಂದೇ ಗಳಿಗೆಯಲ್ಲಿ ಎಲ್ಲ ಹಾದುಹೋಯಿತು. ಗುರುವಾರದ ಸಾಲು, ಆರಿದ ಒಲೆ, ಕಚೇರಿಯವರು, ಹಾಜಿಯ ನಗು. ಆದರೂ ನಾಲಿಗೆ ತನ್ನ ಕೆಲಸ ತಾನು ಮಾಡಿತು.

"ಅಯ್ಯೋ, ಕೇಳೋದೇನಿದೆ? ಹೋಗಿ ಬನ್ನಿ."

"ಇಲ್ಲಕ್ಕ, ಇಂಥ ಗುರುವಾರ ನಿಮ್ಮನ್ನ ನಡುನೀರಲ್ಲಿ ಕೈಬಿಟ್ಟು ಹೆಂಗೆ ಹೋಗ್ಲಿ? ಅಲ್ಲಿ ನಮ್ಮಣ್ಣ ಇದಾನೆ."

"ಅಂಗಡಿ ಎಲ್ಲಿಗೆ ಓಡಿಹೋಗತ್ತೆ? ಮಗಳ ಮಾತುಕತೆ. ಹೋಗಿ ಬನ್ನಿ ಮೇಸ್ತ್ರಿ."

"ಬೇಡಕ್ಕ. ನಾನಿಲ್ಲೇ ಇರ್ತೀನಿ."

ಇನ್ನು ಮೂರನೆಯ ಸಲ. ಇರಾನಿನಲ್ಲಿ ಹುಟ್ಟಿ ಬೆಳೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೆಯ ಸಲ ಹೇಳುವುದು ಉಪಚಾರಕ್ಕೆ, ಬೇಡ ಎನ್ನುವುದೂ ಉಪಚಾರಕ್ಕೆ. ಎರಡನೆಯದೂ ಹಾಗೆಯೇ. ಮೂರನೆಯ ಸಲ ಹೇಳಿದಾಗಲೇ ಹೇಳಿದವರ ಮನಸ್ಸಿನಲ್ಲಿ ನಿಜವಾಗಿ ಅದಿದೆ ಎಂದು ಅರ್ಥ. ಕೇಳಿದವನು ಆಗ ತಲೆಬಾಗಿಸಿ ಒಪ್ಪಿಕೊಳ್ಳುತ್ತಾನೆ, ಒಪ್ಪಿಕೊಳ್ಳಲೇಬೇಕು. ಮೂರು ಸಲ ಕೇಳಿಸಿಕೊಳ್ಳದೆ ಚಹಾದ ಲೋಟಕ್ಕೂ ಕೈಹಾಕದ ಜನ ಇವರು. ಐವಜ್ ಬೇಡ ಎಂದ ಮೇಲೂ ಹೋಗದೆ ಅಲ್ಲೇ ನಿಂತಿದ್ದ. ಕೈ ಒಣಗಿದ್ದರೂ ಒರೆಸಿಕೊಳ್ಳುತ್ತಲೇ ಇದ್ದ. ಅವಳ ಮುಖ ನೋಡುತ್ತಿದ್ದ.

ತೂಬಾ ಮುಖ ತಿರುಗಿಸಿ ರೊಟ್ಟಿ ಹರವುವ ಬಟ್ಟೆಯನ್ನು ಮಡಿಸತೊಡಗಿದಳು. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಮೇಸ್ತ್ರಿ," ಎಂದಳು. "ನಿಮ್ಮಂಥೋರು ಸಿಗೋದು ನಮ್ಮ ಪುಣ್ಯ."

ಐವಜ್ ಕೈಯ ಬಟ್ಟೆ ಹೆಗಲಿಗೆ ಹಾಕಿಕೊಂಡ. "ಆಗ್ಲಿ," ಎಂದು ಒಲೆಯ ಕಡೆ ಹೋದ.

ಗುರುವಾರದ ರೊಟ್ಟಿ ಹೇಗಿತ್ತೆಂದರೆ, ಓಣಿಯವರು ಹಬ್ಬ ಮುಗಿದ ಮೇಲೂ ಅದರ ಮಾತಾಡಿದರು. ಎಳ್ಳು ಉದುರಿಸಿ, ಅಂಚು ಗರಿಗರಿಯಾಗಿ, ನಡುವೆ ಮೆತ್ತಗೆ, ಒಂದು ತೋಳಿನಷ್ಟು ಉದ್ದದ ರೊಟ್ಟಿಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು. ಯಾರೊಬ್ಬರೂ ಬರಿಗೈಲಿ ಹೋಗಲಿಲ್ಲ. ಕಚೇರಿಯವನೊಬ್ಬ ಬಂದು ನೋಡಿ, ತಾನೂ ಒಂದು ರೊಟ್ಟಿ ಸುತ್ತಿಕೊಂಡು, ತಲೆಯಾಡಿಸಿ ಹೋದ. ತೂಬಾಗೆ ಖುಷಿಯಾಗಬೇಕಿತ್ತು. ಅವಳು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಐವಜನ ಬೆನ್ನನ್ನೇ ನೋಡುತ್ತಿದ್ದಳು.

ಶುಕ್ರವಾರವೂ ಅವನು ಎಂದಿನಂತೆ ಬಂದ, ಎಂದಿನಂತೆ ದುಡಿದ. ಮಧ್ಯಾಹ್ನ ಮಾತ್ರ ಅಂಗಳಕ್ಕೆ ಹೋಗಿ ಫೋನಿನಲ್ಲಿ ತುರ್ಕಿಯಲ್ಲಿ ಮಾತಾಡಿದ. ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ, ಆಮೇಲೆ ಮಾತೇ ಇಲ್ಲದೆ ಬರೀ ಫೋನು ಕಿವಿಗೆ ಹಿಡಿದು ನಿಂತ. ಅವಳು ಮೆಟ್ಟಿಲ ಮೇಲಿಂದ ನೋಡಿದಳು. ಏನೆಂದು ಕೇಳುವ ಧೈರ್ಯವಾಗಲಿಲ್ಲ.

"ಮಗಳ ಕೆಲಸ ಚೆನ್ನಾಗಾಯ್ತಾ ಮೇಸ್ತ್ರಿ?" ಎಂದು ಶನಿವಾರ ಕೇಳಿದಳು.

"ದೇವರ ದಯೆ, ಖಾನುಮ್," ಎಂದ ಐವಜ್.

ಖಾನುಮ್! ಅವನ ಬಾಯಲ್ಲಿ ಅವಳು ಅಕ್ಕ. ಬಂದ ದಿನದಿಂದ ಅಕ್ಕ. ಈಗ ನೋಡಿದರೆ ಬಾಗಿಲಲ್ಲಿ ನಿಂತ ಅಪರಿಚಿತ ಹೆಂಗಸಿಗೆ ಹೇಳುವ ಮಾತು. ಅದರಲ್ಲಿ ಒರಟುತನವೇನೂ ಇರಲಿಲ್ಲ. ಮುಂಚಿಗಿಂತ ಹೆಚ್ಚು ಮರ್ಯಾದೆಯೇ ಇತ್ತು. ಮುರಬ್ಬ ಇಟ್ಟರೆ, "ಯಾಕೆ ತೊಂದರೆ ತಗೋತೀರಿ ಖಾನುಮ್," ಎನ್ನುತ್ತಿದ್ದ, ಬಟ್ಟಲನ್ನು ಮುಟ್ಟುತ್ತಿರಲಿಲ್ಲ. ಕೆಲಸದಲ್ಲಿ ಒಂದು ಕೂದಲೆಳೆಯಷ್ಟು ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಬೈದಿದ್ದರೆ, ತಡವಾಗಿ ಬಂದಿದ್ದರೆ, ಒಂದು ರೊಟ್ಟಿ ಸುಟ್ಟುಹಾಕಿದ್ದರೆ ಅವಳಿಗೆ ನಿದ್ದೆ ಬರುತ್ತಿತ್ತು. ಅವಳೀಗ ದಿನಕ್ಕೆ ಹತ್ತು ಸಲ ಆ ಮೂಲೆ ನೋಡಿಬರುತ್ತಿದ್ದಳು.

ಯದುಲ್ಲಾನಿಗೆ ಕಾಲು ಬಿದ್ದಿದ್ದರೂ ಕಿವಿ ಬಿದ್ದಿರಲಿಲ್ಲ. ಅವಳು ಊಟ ಉಣಿಸುತ್ತಿದ್ದಾಗ ಕೇಳಿದ.

"ಏನೇ, ಒಲೆ ಚೆನ್ನಾಗಿ ಉರೀತಿದೆ, ನಿನ್ನ ಮುಖ ಯಾಕೆ ಆರಿದೆ?"

ಅವಳು ಎಲ್ಲ ಹೇಳಿದಳು. ಅವನು ಅಗಿಯುವುದನ್ನು ನಿಲ್ಲಿಸಿದ.

"ಹೋಗು ಅಂತ ಹೇಳ್ದ್ಯಾ?"

"ಹೇಳ್ದೆ ರೀ."

"ಎಷ್ಟು ಸಲ?"

ಅವಳು ಅವನ ಗದ್ದಕ್ಕೆ ಅಂಟಿದ ಅನ್ನ ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

"ಎರಡು."

ಯದುಲ್ಲಾ ಸೂರು ನೋಡಿದ. ಈಗ ಬೈಗುಳ ಬರುತ್ತದೆ ಎಂದು ಅವಳು ಕಾದಳು.

"ನಾನಾಗಿದ್ರೆ ಒಂದೇ ಸಲ ಹೇಳ್ತಿದ್ದೆ," ಎಂದ ಅವನು. "ಅದಕ್ಕೇ ನನ್ನತ್ರ ಯಾವ ಮೇಸ್ತ್ರೀನೂ ನಿಲ್ಲಲಿಲ್ಲ."

ಸುದ್ದಿ ತಂದವನು ಸಫ್ದರ್. ಐವಜನ ಹಳ್ಳಿಯವನೊಬ್ಬ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದನಂತೆ. ಶುಕ್ರವಾರ ಹೈದರ್‌ಕುಲಿ ತನ್ನ ಕಡೆಯ ಹಿರಿಯರನ್ನೆಲ್ಲ ಕಟ್ಟಿಕೊಂಡು, ಸಕ್ಕರೆ ಗಟ್ಟಿ, ಶಾಲು, ಮಿಠಾಯಿ ಹೊತ್ತುಕೊಂಡು ಬಂದಿದ್ದ. ಹುಡುಗಿಯ ಅಪ್ಪ ಕೂರಬೇಕಾದ ಜಾಗ ಖಾಲಿ. ಐವಜನ ಅಣ್ಣ ಏನೇನೋ ಸಮಜಾಯಿಷಿ ಹೇಳಿದ. ಹೈದರ್‌ಕುಲಿ ಎದ್ದು ನಿಂತು, "ಅಪ್ಪನಿಗೆ ನಮಗಿಂತ ರೊಟ್ಟಿ ಸುಡೋದು ಹೆಚ್ಚಾಯ್ತು. ಅಂಥ ಮನೇಲಿ ನಾವೇನು ಮಾತು ತಗೊಳ್ಳೋದು," ಎಂದು ತಂದದ್ದನ್ನೆಲ್ಲ ವಾಪಸ್ ಹೊರಿಸಿಕೊಂಡು ಹೊರಟೇಬಿಟ್ಟ. ಹಳ್ಳಿಯ ನಡುಬೀದಿಯಲ್ಲಿ, ಎಲ್ಲರ ಕಣ್ಣೆದುರಿಗೆ.

"ಹುಡುಗಿ ಊಟ ಬಿಟ್ಟು ಮಲಗಿದಾಳಂತೆ ಅಕ್ಕಾವ್ರೇ," ಎಂದ ಸಫ್ದರ್. ತಮಾಷೆ ಮಾಡುವ ಅವನ ಬಾಯಿ ಅವತ್ತು ಒಣಗಿತ್ತು. "ಇನ್ನೊಂದು, ಹಾಜಿ ಶುಕ್ರುಲ್ಲಾನ ಕಡೆಯೋನು ನಿನ್ನೆ ಮೇಸ್ತ್ರಿ ಜೊತೆ ಮಾತಾಡ್ತಿದ್ದ. ಏನಂತ ಕೇಳಿಸ್ಲಿಲ್ಲ."

ತೂಬಾ ಗಲ್ಲಾಪೆಟ್ಟಿಗೆಯ ಹಿಂದೆ ಕೂತಳು. ಅವಳಿಗೆ ಮೊದಲು ಹೆದರಿಕೆಯಾದದ್ದು ಹಾಜಿಯ ಮಾತಿಗೆ, ಆಮೇಲೆ ನೆನಪಾದದ್ದು ಹುಡುಗಿ. ಆ ಹಿಂದುಮುಂದು ಅವಳಿಗೇ ಗೊತ್ತಾಗಿ ಮುಖಕ್ಕೆ ಹೊಡೆದಂತಾಯಿತು. ಎಂಥ ಹೆಂಗಸು ನಾನು, ಎಂದುಕೊಂಡಳು.

ಸಂಜೆ ಐವಜನ ಎದುರು ಹೋಗಿ ನಿಂತಳು. "ಮೇಸ್ತ್ರಿ, ಊರಿಗೆ ಹೋಗಿ ಬನ್ನಿ. ಹಬ್ಬಕ್ಕೆ ಹೋಗಿ, ಎಷ್ಟು ದಿನ ಬೇಕೋ ಅಷ್ಟು ದಿನ ಇದ್ದು ಬನ್ನಿ."

"ಬೇಡ ಖಾನುಮ್."

"ಹೋಗಿ ಬನ್ನಿ. ಅಂಗಡಿ ಹಾಳಾಗಿಹೋಗ್ಲಿ."

"ಬೇಡ ಖಾನುಮ್, ನಿಮಗೆ ತೊಂದರೆ."

"ಮೇಸ್ತ್ರಿ, ನಾನು ನಿಜವಾಗಿ ಹೇಳ್ತಿದೀನಿ. ಹೋಗಿ."

ಐವಜ್ ಹಲಗೆಯನ್ನು ಬಟ್ಟೆಯಿಂದ ಒರೆಸುತ್ತಿದ್ದ. ತಲೆಯೆತ್ತಲಿಲ್ಲ.

"ಈಗ ಹೋಗಿ ಏನ್ಮಾಡ್ಲಿ?" ಎಂದ.

ಆ ರಾತ್ರಿ ಅವಳು ಏನು ಯೋಚಿಸಿದಳೋ, ಬೆಳಗಾದಾಗ ಮನಸ್ಸು ಗಟ್ಟಿಯಾಗಿತ್ತು. ಹಬ್ಬದ ದಿನಗಳಲ್ಲಿ ಮನೆಗೆ ಬಂದವರನ್ನು ಶತ್ರುವಾದರೂ ಬಾಗಿಲಿಂದ ಅಟ್ಟುವ ಹಾಗಿಲ್ಲ. ಚಹಾ ಕೊಡಲೇಬೇಕು, ಕೂರಿಸಲೇಬೇಕು. ಹಾಗಾಗಿ ಹಬ್ಬದ ಎರಡನೆಯ ದಿನ ಹೈದರ್‌ಕುಲಿಯ ಮನೆಗೆ ತಾನೇ ಹೋಗುವುದೆಂದು ತೀರ್ಮಾನಿಸಿದಳು. ಹಬ್ಬದಲ್ಲಿ ರೊಟ್ಟಿಯಂಗಡಿಗಳು ಸರದಿಯ ಮೇಲೆ ತೆರೆದಿರಬೇಕು, ಅವತ್ತಿನ ಸರದಿ ಅವಳದೇ. ಬಾಗಿಲು ಹಾಕಿದರೆ ಕಚೇರಿಯವರು ಸುಮ್ಮನೆ ಬಿಡುವುದಿಲ್ಲ. ಹೊರಡುವ ಬೆಳಗ್ಗೆ ಸಫ್ದರ್ ಕೈಮುಗಿದ.

"ಅಕ್ಕಾವ್ರೇ, ಇನ್ನೊಂದು ದಿನ ಹೋಗಿ. ಇವತ್ತು ಬೇಡ. ಹಿಟ್ಟು ನಿಂತ್ರೆ ಮೂವರೂ ಬೀದಿಗೆ ಬೀಳ್ತೀವಿ."

"ಇನ್ನೊಂದು ದಿನ ಹೋದ್ರೆ ನನಗೇನೂ ನಷ್ಟ ಇಲ್ಲ, ನಷ್ಟ ಇಲ್ಲದ ಕ್ಷಮೆ ಇದು ಅಂತ ಅವರಿಗೂ ಗೊತ್ತಾಗತ್ತೆ," ಎಂದಳು ತೂಬಾ. ಗಂಡನನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿದಳು, ಐವಜನಿಗೆ "ನನ್ನನ್ನ ನಿಮ್ಮೂರಿಗೆ ಕರ್ಕೊಂಡು ಹೋಗಿ, ಹೈದರ್‌ಕುಲಿ ಮನೆ ತೋರಿಸಿ," ಎಂದಷ್ಟೇ ಹೇಳಿದಳು. ಅವನು ಬಾಯಿ ತೆರೆದು, ಮುಚ್ಚಿ, ತಲೆಯಾಡಿಸಿದ.

ಅಂಗಡಿಗೆ ಬೀಗ ಹಾಕಲು ಹೋದಾಗ ಅಭ್ಯಾಸದಂತೆ ಮೂಲೆ ನೋಡಿದಳು. ಕಳಚಿದ ಹಿಡಿ ಮಾತ್ರ ಗೋಡೆಗೆ ಒರಗಿತ್ತು. ಹಲಗೆ ಇರಲಿಲ್ಲ. ಹೊರಗೆ ಐವಜನ ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಚಪ್ಪಟೆ ಗಂಟೊಂದು ಇತ್ತು.

ಅವಳು ಏನೂ ಕೇಳಲಿಲ್ಲ. ಕೇಳಿದ್ದರೆ ಅವನು ಸುಳ್ಳು ಹೇಳುತ್ತಿರಲಿಲ್ಲ, ಅದೇ ಅವಳ ಹೆದರಿಕೆ. ಬಸ್ಸಿನಲ್ಲಿ ಅವನು ಮುಂದಿನ ಸೀಟಿನಲ್ಲಿ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಜಂಜಾನ್‌ವರೆಗೆ, ಅಲ್ಲಿಂದ ಆಚೆ ವ್ಯಾನಿನಲ್ಲಿ ಹಿಮ ಇನ್ನೂ ಕರಗದ ಗುಡ್ಡಗಳ ನಡುವೆ, ದಾರಿಯುದ್ದಕ್ಕೂ ಅವಳ ಕಣ್ಣು ಆ ಗಂಟಿನ ಮೇಲೇ ಇತ್ತು. ಇಳಿದು ವಾಪಸ್ ಹೋಗಿಬಿಡಲೇ? ಹೋಗುವವನಿಗಾಗಿ ಅಂಗಡಿಯನ್ನು ಯಾಕೆ ಬಲಿಕೊಡಲಿ? ಒಂದು ಕಡೆ ವ್ಯಾನು ನಿಂತಾಗ ಅವಳು ಅರ್ಧ ಎದ್ದೂ ಎದ್ದಳು. ಮತ್ತೆ ಕೂತಳು. ಸಿಟ್ಟು ಅವನ ಮೇಲೋ ತನ್ನ ಮೇಲೋ ಅವಳಿಗೇ ತಿಳಿಯಲಿಲ್ಲ.

ಹೈದರ್‌ಕುಲಿ ಎಪ್ಪತ್ತು ದಾಟಿದ, ಬೆನ್ನು ಬಾಗದ ಮುದುಕ. ಐವಜನನ್ನು ಕಂಡು ಅವನ ಮುಖ ಕಲ್ಲಾಯಿತು. ಆದರೆ ಹಬ್ಬ. ಒಳಗೆ ಕರೆದ, ಕೂರಿಸಿದ. ಹೆಂಡತಿ ಚಹಾ, ಬಾದಾಮಿ, ಒಣದ್ರಾಕ್ಷಿ ತಂದಿಟ್ಟಳು. ಹೊಸ ವರ್ಷ ಶುಭವಾಗಲಿ, ನಿಮಗೂ ಶುಭವಾಗಲಿ, ಆರೋಗ್ಯವೇ, ಆರೋಗ್ಯ. ಇಷ್ಟಕ್ಕೆ ಉಪಚಾರ ಮುಗಿಯಿತು. ಗೋಡೆಯ ಗಡಿಯಾರ ಒಂದೇ ಸದ್ದು ಮಾಡುತ್ತಿತ್ತು. ಐವಜ್ ನೆಲದ ಜಮಖಾನೆಯ ಹೂವು ನೋಡುತ್ತಿದ್ದ.

ತೂಬಾ ಚಹಾದ ಲೋಟ ಕೆಳಗಿಟ್ಟಳು.

"ಅಣ್ಣ, ನಾನು ಇವರಿಗೆ ಕೆಲಸ ಕೊಟ್ಟೋಳು. ಅವತ್ತು ಇವರು ಬರದೇ ಇದ್ದದ್ದಕ್ಕೆ ತಪ್ಪು ನನ್ನದು."

"ತಪ್ಪೇನಿದೆ ಬಿಡಿ," ಎಂದ ಮುದುಕ ತಣ್ಣಗೆ. "ಕೆಲಸ ಅಂದ್ಮೇಲೆ ಕೆಲಸ."

"ಕೆಲಸ ಅಲ್ಲ ಅಣ್ಣ. ಇವರು ಬಂದು ಕೇಳಿದ್ರು. ನಾನು ಹೋಗಿ ಅಂದೆ. ಬೇಡ ಅಂದ್ರು. ಮತ್ತೆ ಹೋಗಿ ಅಂದೆ. ಬೇಡ ಅಂದ್ರು." ಅವಳು ಉಸಿರು ಎಳೆದುಕೊಂಡಳು. "ಮೂರನೇ ಸಲ ನಾನು ಹೇಳಲಿಲ್ಲ."

ಹೈದರ್‌ಕುಲಿಯ ಹೆಂಡತಿ ಹಿಡಿದಿದ್ದ ಬಟ್ಟಲು ಅಲ್ಲೇ ನಿಂತಿತು.

"ಮರೆತುಹೋಯ್ತಾ?" ಎಂದಳು ಆಕೆ, ಹೇಗಾದರೂ ಮಾನ ಉಳಿಸುವವಳಂತೆ.

"ಮರೀಲಿಲ್ಲ ಅಕ್ಕ. ಬೇಕಂತಲೇ ಹೇಳಲಿಲ್ಲ. ಇವರು ಎದುರಿಗೆ ಕಾಯ್ತಾ ನಿಂತಿದ್ರು, ನಾನು ಮುಖ ತಿರುಗಿಸಿ ಬಟ್ಟೆ ಮಡಿಸ್ತಾ ಕೂತೆ. ಒಲೆ ಆರಿಹೋದ್ರೆ ನನ್ನ ಗತಿ ಏನು ಅಂತ ನನಗೆ ಹೆದರಿಕೆ. ಇವರ ಮಗಳ ಗತಿ ಏನು ಅಂತ ಯೋಚಿಸಲಿಲ್ಲ. ಖಾಲಿ ಜಾಗ ನೋಡಿ ನೀವು ಇವರನ್ನ ಬೈದ್ರಿ. ಆ ಜಾಗ ಖಾಲಿ ಮಾಡಿದ್ದು ನಾನು. ಬೈಯೋದಿದ್ರೆ ನನ್ನನ್ನ ಬೈರಿ."

ಐವಜನ ಕಿವಿ ಕೆಂಪಗಾಗಿತ್ತು. ಇಷ್ಟು ಹೇಳಿದ ಮೇಲೆ ಕೂತಿರುವುದು ಸಲ್ಲ, ತೂಬಾ ಚಾದರ ಸರಿಮಾಡಿಕೊಂಡು ಎದ್ದಳು. ಐವಜನೂ ಎದ್ದ.

"ಊಟದ ಹೊತ್ತು. ಊಟ ಮಾಡಿ ಹೋಗಿ," ಎಂದ ಹೈದರ್‌ಕುಲಿ. ಬಂದವರಿಗೆ ಎಲ್ಲರೂ ಹೇಳುವ ಮಾತು.

"ಇಲ್ಲ ಅಣ್ಣ, ತೊಂದರೆ ಬೇಡ."

"ತೊಂದರೆ ಏನು, ಇದ್ದದ್ದು ತಿನ್ನೋದು." ಅದನ್ನೂ ಎಲ್ಲರೂ ಹೇಳುತ್ತಾರೆ.

"ಬೇಡ ಅಣ್ಣ, ವ್ಯಾನು ಹೊರಟುಹೋಗತ್ತೆ."

ಮುದುಕ ಸುಮ್ಮನಾದ. ತೂಬಾ ಬಾಗಿಲ ಹತ್ತಿರ ಹೋಗಿ ಬೂಟಿನೊಳಗೆ ಕಾಲು ಹಾಕಿದಳು. ಕಾಲು ಸುಲಭವಾಗಿ ಹೋಯಿತು, ಆದರೂ ಹೋಗದವಳಂತೆ ಬಗ್ಗಿ ಹಿಮ್ಮಡಿ ಎಳೆದಳು. ಪಕ್ಕದಲ್ಲಿ ಐವಜ್ ಒಂದು ಶೂ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದ. ಹಿಂದಿನಿಂದ ಒಂದು ಸದ್ದೂ ಇಲ್ಲ. ನನಗೆ ಆಗಬೇಕಾದ್ದೇ ಆಯಿತು, ಆದರೆ ಆ ಹುಡುಗಿ? ಅವಳೇನು ಮಾಡಿದ್ದಳು? ತೂಬಾಗೆ ಕಣ್ಣು ಮಂಜಾಯಿತು. ಇನ್ನೆಷ್ಟು ಹೊತ್ತು ಹಿಮ್ಮಡಿ ಎಳೆಯುವುದು? ಬಾಗಿಲಿನ ಅಗುಳಿಗೆ ಕೈಹಾಕಿದಳು.

"ನಿಂತ್ಕೊಳ್ಳಿ."

ಹೈದರ್‌ಕುಲಿ ಬಂದು ಐವಜನ ಕೈಯಲ್ಲಿದ್ದ ಶೂ ಕಿತ್ತುಕೊಂಡು ಗೋಡೆಯ ಬುಡದಲ್ಲಿಟ್ಟ. "ಒಲೆ ಮೇಲೆ ಅನ್ನ ಆಗಿದೆ. ತಿಂದೇ ಹೋಗಬೇಕು," ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ನಮ್ಮ ಹುಡುಗನ್ನ ಕಳಿಸು. ಐವಜನ ಮನೆಯೋರನ್ನೂ ಕರೀಲಿ. ಅವನ ಮಗಳನ್ನೂ."

ಐವಜ್ ಗೋಡೆಯ ಕಡೆ ತಿರುಗಿ ನಿಂತು ಮೂಗು ಒರೆಸಿಕೊಂಡ.

ಅವತ್ತು ಅವಳು ಐವಜನ ಮನೆಯಲ್ಲೇ ಉಳಿದಳು. ಸೊಲ್ಮಾಜ್ ಅವಳ ಹಾಸಿಗೆಗೆ ತನ್ನ ಕೈಯಾರೆ ಹೊಲಿದ ದಿಂಬು ತಂದು ಹಾಕಿದಳು. ಆ ಹುಡುಗಿಯ ಮುಖ ನೇರವಾಗಿ ನೋಡಲು ತೂಬಾಗೆ ಆಗಲಿಲ್ಲ. ಹಲಗೆಯ ಗಂಟು ಬಿಚ್ಚಿತ್ತು. ಐವಜನ ಹೆಂಡತಿ ಅದನ್ನು ಒರೆಸಿ ಗೂಡಿನಲ್ಲಿಟ್ಟದ್ದನ್ನು ತೂಬಾ ನೋಡಿದಳು. ಗಂಡ ಮನೆಗೆ ಬಂದದ್ದಕ್ಕೆ ಆ ಹೆಂಗಸಿನ ಕೈ ಹಾಡುತ್ತಿದ್ದಂತಿತ್ತು.

ಬೆಳಗ್ಗೆ ವ್ಯಾನು ನಿಲ್ಲುವಲ್ಲಿಗೆ ಐವಜ್ ಅವಳ ಚೀಲ ಹೊತ್ತು ಬಂದ. ತನ್ನದೇನೂ ತಂದಿರಲಿಲ್ಲ.

"ನೀವು ಬರ್ತೀನಿ ಅನ್ನೋಕೆ ಮೊದಲೇ ಹಲಗೆ ತಗೊಂಡು ಹೊರಡೋಣ ಅಂತಿದ್ದೆ," ಎಂದ ಅವನು, ಅವಳು ಕೇಳದೆಯೇ. "ಹಾಜಿ ಹತ್ರ ಹೋಗೋಕಲ್ಲ. ಹಾಜಿಗೆ ಆಗಲ್ಲ ಅಂದೆ. ಇಲ್ಲಿ ಊರಲ್ಲೇ ಒಂದು ಒಲೆ ಹಾಕೋಣ ಅಂತ ಅಣ್ಣ ಹೇಳ್ತಿದಾನೆ. ಮಗಳು ಹೋಗೋ ಮುಂಚೆ ನಾಲ್ಕು ದಿನ ಮನೇಲಿ ಇದ್ದಂಗಾಗತ್ತೆ."

ವ್ಯಾನು ದೂರದಲ್ಲಿ ಧೂಳೆಬ್ಬಿಸುತ್ತ ಬರುತ್ತಿತ್ತು. ತೂಬಾಗೆ ನಾಳೆಯ ಅಂಗಡಿ ಕಣ್ಣಮುಂದೆ ಬಂತು. ತಣ್ಣನೆಯ ಒಲೆ, ಬರೀ ಹಿಡಿ ಒರಗಿದ ಮೂಲೆ, ಸಾಲಿನಲ್ಲಿ ನಿಂತ ಜನ.

"ಮೇಸ್ತ್ರಿ, ನನ್ನ ಜೊತೆ ಬನ್ನಿ," ಎಂದಳು.

"ನೀವು ನನಗೋಸ್ಕರ ಇಷ್ಟು ಮಾಡಿದೀರಿ, ಯಾವ ಬಾಯಲ್ಲಿ ಇಲ್ಲ ಅನ್ಲಿ. ಆದ್ರೆ ಮನೇಲಿ..."

"ಬನ್ನಿ ಮೇಸ್ತ್ರಿ. ನೀವಿಲ್ಲದೆ ಆಗಲ್ಲ."

ಐವಜ್ ನೆಲ ನೋಡಿದ. ಕೈಯಲ್ಲಿ ಏನೂ ಇಲ್ಲದಿದ್ದರೂ ಕೈ ಒರೆಸಿಕೊಂಡ. ಅವನು ಕಾಯುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು. ಮೂರನೆಯ ಸಲ ಕರೆದರೆ ಅವನು ಬರುತ್ತಾನೆ. ಬಾರದೆ ಇರಲಾರ, ಅಂಥ ಮನುಷ್ಯ ಅಲ್ಲ ಅವನು. ಮನೆಗೆ ಓಡಿಹೋಗಿ ಗೂಡಿನಿಂದ ಹಲಗೆ ಇಳಿಸಿಕೊಂಡು, ಹೆಂಡತಿಯ ಮುಖ ನೋಡದೆ, ಇದೇ ವ್ಯಾನು ಹತ್ತುತ್ತಾನೆ. ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು.

ಅದನ್ನು ನುಂಗಿಕೊಂಡಳು.

"ಹಲಗೆ ಗೂಡಲ್ಲಿಟ್ಟಿದಾರೆ, ಅಲ್ಲಿ ಬಿಸಿಲು ಬೀಳತ್ತೆ," ಎಂದಳು. "ಬಿರಿದುಹೋದೀತು, ಹೇಳಿ ನಿಮ್ಮ ಮನೆಯೋಳಿಗೆ."

ಐವಜ್ ತಲೆಯೆತ್ತಿ ಅವಳನ್ನೇ ನೋಡಿದ. ಚೀಲವನ್ನು ವ್ಯಾನಿನೊಳಗೆ ಇಟ್ಟ, ಬಾಗಿಲು ತಾನೇ ಎಳೆದ. "ಹುಷಾರಾಗಿ ಹೋಗಿ ಅಕ್ಕ," ಎಂದ.

ಗುಡ್ಡ ಇಳಿದು ಸಿಗ್ನಲ್ ಬಂದ ಕೂಡಲೇ ಫೋನು ಬಡಿದುಕೊಂಡಿತು. ಯದುಲ್ಲಾ. ಎಡಗೈಯಲ್ಲಿ ಫೋನು ಹಿಡಿಯಲು ಬಾರದೆ ಏದುಸಿರು ಬಿಡುತ್ತಿದ್ದ.

"ಕಚೇರಿಯೋರು ನಿನ್ನೆ ಬಂದಿದ್ರು. ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದಾರೆ. ನಾಳೆ ತೆಗೀದಿದ್ರೆ ಹಿಟ್ಟು ಇಲ್ಲ. ಮೇಸ್ತ್ರಿ ಬರ್ತಿದಾನಾ?"

"ಇಲ್ಲ ರೀ."

"ಕರೀಲಿಲ್ವಾ?"

"ಕರ್ದೆ."

"ಎಷ್ಟು ಸಲ?"

"ಎರಡು," ಎಂದಳು ತೂಬಾ ಖಾನುಮ್. "ಸಫ್ದರನಿಗೆ ಹಿಟ್ಟು ಕಲಸಿಡೋಕೆ ಹೇಳಿ. ಮೂಲೇಲಿ ಹಿಡಿ ಇದೆ, ಅದಕ್ಕೊಂದು ಹಲಗೆ ಹುಡುಕಲಿ. ಬೆಳಗ್ಗೆ ಒಲೆ ಹತ್ರ ನಾನೇ ನಿಲ್ತೀನಿ."